ಆಡಿ ಟಿಟಿ ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ? ಕಾರಿಗೆ 'ಅವಳು' ಅಂದ್ರೆ ತಪ್ಪಾ?

ಬಾತಿಗುಡ್ಡ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಎಂಸಿಸಿ ಬಿ ಬ್ಲಾಕ್ ಕಡೆಯವನು. ಹೋದ ವರ್ಷ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಗೊಂಡೆ. ಮೂರನೇ ತಲೆಮಾರಿನ, ಎರಡು ಬಾಗಿಲಿನ ಕೂಪೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 370 ಎನ್‌ಎಂ ಟಾರ್ಕ್, ಆರು ಗೇರಿನ ಡ್ಯುಯಲ್ ಕ್ಲಚ್, ಕ್ವಾಟ್ರೊ (ಆಡಿಯವರ ಫೋರ್ ವೀಲ್ ಡ್ರೈವ್).

ಎರಡು ವಿಷಯಕ್ಕೆ ಬೇಜಾರಾಗಿದೆ. ಮೊದಲನೆಯದು, ಎಲ್ಲಿ ನಿಲ್ಲಿಸಿದರೂ ಒಬ್ಬರು ಬಂದು "ಇದೇನು ಸ್ಪೋರ್ಟ್ಸ್ ಕಾರಲ್ಲ ಬಿಡಿ, ಒಳಗೆ ಸ್ಕೋಡಾ ಆಕ್ಟೇವಿಯಾನೇ" ಅಂತ ಹೇಳಿ ಹೋಗುತ್ತಾರೆ. ಓಡಿಸಿ ನೋಡಿದವರು ಯಾರೂ ಹೀಗೆ ಹೇಳಿಲ್ಲ. ಹೊನ್ನಾಳಿ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಿ ಘಾಟಿ ಇಳಿದು ನೋಡಿ. ಸ್ಟೇರಿಂಗ್ ಎಷ್ಟು ತಿರುಗಿಸಿದಿರೋ ಮೂತಿ ಅಷ್ಟೇ ತಿರುಗುತ್ತದೆ. ಒಂದು ಕೂದಲೆಳೆ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಕಾರಿನ ತೂಕ ಸುಮಾರು 1335 ಕೆ.ಜಿ. ಈಗಿನ ಎಸ್‌ಯುವಿಗಳ ಪಕ್ಕದಲ್ಲಿ ಇದು ತುಂಬಾ ಹಗುರ.

ಎರಡನೆಯದು, ಹೋದ ವಾರ "ತಿರುವಿನಲ್ಲಿ ಅವಳು ರಸ್ತೆ ಬಿಡುವುದೇ ಇಲ್ಲ" ಅಂತ ಬರೆದಿದ್ದೆ. ಕಾರಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಎಲ್ಲರೂ "ಅವಳು ಅಲ್ಲ, ಅದು" ಅಂತ ತಿದ್ದಲು ಬಂದರು. ಕನ್ನಡದಲ್ಲಿ ಕಾರಿಗೆ ಅವಳು ಅನ್ನಬಾರದು ಅಂತ ಎಲ್ಲಿ ಬರೆದಿದೆ? ತಿಳಿದವರು ಸರಿಯಾಗಿ ಹೇಳಿ.

ಹರಿಹರದವನು:
ಟಿಟಿ ಅಂದ್ರೆ ಎಷ್ಟು ಸೀಟಿಂದು ಅಣ್ಣಾ? ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗಬೇಕಿತ್ತು, ಹದಿನಾಲ್ಕು ಜನ ಇದ್ದೀವಿ.

ಮಂಡಕ್ಕಿಮಿರ್ಚಿ:
@ಹರಿಹರದವನು ಅದು ಟೆಂಪೊ ಟ್ರಾವೆಲರ್. ಇದು ಆಡಿ ಟಿಟಿ. ಹಿಂದಿನ ಸೀಟಿನಲ್ಲಿ ಚಿಕ್ಕ ಮಕ್ಕಳು ಮಾತ್ರ ಕೂರಬಹುದು. ಹೆಸರು ಬಂದಿದ್ದು ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ರೇಸಿನಿಂದ. ಮೋಟರ್‌ಸೈಕಲ್ ಟಿಟಿ ಅಲ್ಲಿ ಶುರುವಾಗಿದ್ದು 1907ರಲ್ಲಿ.

ಆರ್‌ಎಸ್230:
ಬಾತಿಗುಡ್ಡ ಅವರೇ, ನಾನು ಆಕ್ಟೇವಿಯಾ ಆರ್‌ಎಸ್ ಓಡಿಸುತ್ತೇನೆ, ಅದಕ್ಕೇ ನೇರವಾಗಿ ಹೇಳುತ್ತೇನೆ. 2017ರಲ್ಲಿ ನಮ್ಮ ದೇಶಕ್ಕೆ ಬಂದ ಆರ್‌ಎಸ್‌ಗೂ 2 ಲೀಟರ್ ಟರ್ಬೊ, 230 ಪಿಎಸ್. ನಿಮ್ಮದಕ್ಕೂ ಅಷ್ಟೇ. ಎರಡೂ ಎಂಕ್ಯೂಬಿ ಅನ್ನೋ ಒಂದೇ ಪ್ಲಾಟ್‌ಫಾರ್ಮ್ (ಕಾರಿನ ತಳಪಾಯ) ಮೇಲೆ ಕಟ್ಟಿದ್ದು. ಹೊಸದಾಗಿ ಬಂದಾಗ ಆರ್‌ಎಸ್ ಎಕ್ಸ್ ಶೋರೂಂ ಬೆಲೆ 25 ಲಕ್ಷದ ಆಸುಪಾಸು, ಟಿಟಿ 60 ಲಕ್ಷದ ಆಸುಪಾಸು. ನನ್ನ ಕಾರಿನಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಗು ಎಲ್ಲರೂ ಕೂತು ಹಿಂದೆ ಎರಡು ಮೂಟೆ ಅಕ್ಕಿ ಹಾಕಿಕೊಂಡು ಬರಬಹುದು. ಶಕ್ತಿ ಒಂದೇ ಆದಮೇಲೆ ಸ್ಪೋರ್ಟ್ಸ್ ಕಾರು ಅನ್ನೋ ಹೆಸರು ಒಂದಕ್ಕೆ ಮಾತ್ರ ಯಾಕೆ?

ಬಾತಿಗುಡ್ಡ:
@ಆರ್‌ಎಸ್230 ಆರ್‌ಎಸ್ ಒಳ್ಳೆ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಟ್‌ಫಾರ್ಮ್ ಒಂದೇ ಅಂದಮಾತ್ರಕ್ಕೆ ಕಾರು ಒಂದೇ ಆಗುವುದಿಲ್ಲ. ಎಂಕ್ಯೂಬಿಯಲ್ಲಿ ಬದಲಾಗದೆ ಇರುವ ಮುಖ್ಯ ಅಳತೆ ಮುಂದಿನ ಆಕ್ಸಲ್‌ನಿಂದ ಪೆಡಲ್‌ವರೆಗಿನದು. ಉಳಿದದ್ದನ್ನು ಅವರು ಬೇಕಾದ ಹಾಗೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಟಿಟಿಯ ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, 2505 ಮಿ.ಮೀ. ಆಕ್ಟೇವಿಯಾದ್ದು 2680ರ ಆಸುಪಾಸು. ಹತ್ತತ್ತಿರ 18 ಸೆಂ.ಮೀ. ವ್ಯತ್ಯಾಸ. ಹೇರ್‌ಪಿನ್ ತಿರುವಿನಲ್ಲಿ ಆ 18 ಸೆಂ.ಮೀ. ಕೈಗೆ ಗೊತ್ತಾಗುತ್ತದೆ.

ಟಿಟಿಯ ಬಾಡಿ ಪ್ಯಾನೆಲ್ಲು ಅಲ್ಯೂಮಿನಿಯಂ, ತಳ ಉಕ್ಕು. ಭಾರ ಕೆಳಗೆ ಕೂತಿರುತ್ತದೆ. ಇಲ್ಲಿಗೆ ಬಂದ ಆರ್‌ಎಸ್‌ನಲ್ಲಿ ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ. ಮಳೆಗಾಲದಲ್ಲಿ ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಒತ್ತಿ ನೋಡಿ, ವ್ಯತ್ಯಾಸ ತಾನಾಗೇ ತಿಳಿಯುತ್ತದೆ.

ಮಂಡಕ್ಕಿಮಿರ್ಚಿ:
ಒಂದೇ ಹಿಟ್ಟಿನಲ್ಲಿ ಖಾಲಿ ದೋಸೆನೂ ಬರುತ್ತೆ, ಬೆಣ್ಣೆ ದೋಸೆನೂ ಬರುತ್ತೆ. ಕಾವಲಿ ಮೇಲೆ ಏನು ಮಾಡ್ತಾರೆ ಅನ್ನೋದು ಮುಖ್ಯ. ಹಿಟ್ಟು ಒಂದೇ ಅಂತ ಯಾರಾದರೂ ಬೆಣ್ಣೆ ದೋಸೆಗೆ ಖಾಲಿ ದೋಸೆ ಅಂತಾರಾ?

ವಿದ್ಯಾನಗರದ ಅಕ್ಕ:
@ಮಂಡಕ್ಕಿಮಿರ್ಚಿ ದಾವಣಗೆರೆಯವನಾಗಿ ಹಿಂಗೆ ಹೇಳಬಹುದೇನಪ್ಪಾ? ಬೆಣ್ಣೆ ದೋಸೆ ಹಿಟ್ಟೇ ಬೇರೆ. ಅಕ್ಕಿ, ಉದ್ದು ರುಬ್ಬುವಾಗ ನೆನೆಸಿದ ಮಂಡಕ್ಕಿ ಹಾಕಬೇಕು. ಆ ಮೆತ್ತಗಿನ ಒಳಭಾಗ, ಹೊರಗಿನ ಗರಿಗರಿ ಬರೋದು ಅದರಿಂದ. ಮೇಲೆ ಬೆಣ್ಣೆ ಸವರಿದ ಮಾತ್ರಕ್ಕೆ ಬೆಣ್ಣೆ ದೋಸೆ ಆಗಲ್ಲ. ಹೆಸರಿನಲ್ಲೇ ಮಂಡಕ್ಕಿ ಇಟ್ಟುಕೊಂಡಿದ್ದೀಯ.

ಮಂಡಕ್ಕಿಮಿರ್ಚಿ:
ಅಕ್ಕಾ, ಹಂಗಾದ್ರೆ ನನ್ನ ವಾದ ಇನ್ನೂ ಗಟ್ಟಿಯಾಯ್ತು. ಹಿಟ್ಟು ಒಂದೇ ಅಂತ ಕಾಣುತ್ತೆ, ಒಳಗೆ ಬೇರೆ.

ಸ್ಪ್ಯಾನರ್13:
ಹದಡಿ ರಸ್ತೆ ಕಡೆ ಗ್ಯಾರೇಜ್ ಇದೆ, ಇಂಥ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ. ಇಬ್ಬರಿಗೂ ಒಂದೆರಡು ಮಾತು.

ಟಿಟಿಯ ಕ್ವಾಟ್ರೊ ಅಂದರೆ ದೊಡ್ಡ ಆಡಿಗಳ ಕ್ವಾಟ್ರೊ ಅಲ್ಲ. ಎಂಜಿನ್ ಅಡ್ಡ ಕೂತಿರುತ್ತದೆ. ಮಾಮೂಲಿಯಾಗಿ ಓಡುವಾಗ ಎಳೆತ ಹೆಚ್ಚಿಗೆ ಮುಂದಿನ ಚಕ್ರದ್ದೇ. ಹಿಂದಿನ ಆಕ್ಸಲ್ ಹತ್ತಿರ ಹಾಲ್ಡೆಕ್ಸ್ ಅಂತ ಒಂದು ಕ್ಲಚ್ ಇದೆ, ಬೇಕಾದಾಗ ಅದು ಹಿಡಿದುಕೊಂಡು ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ. ಇದನ್ನು ಹಿಡಿದುಕೊಂಡು ಕೆಲವರು "ನಿಜವಾದ ಫೋರ್ ವೀಲ್ ಡ್ರೈವ್ ಅಲ್ಲ" ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಆ ಕ್ಲಚ್ಚು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಆ ಕ್ಲಚ್ಚಿಗೆ ಬೇರೆ ಎಣ್ಣೆ ಇದೆ, ಅದನ್ನು ಸಮಯಕ್ಕೆ ಬದಲಾಯಿಸಬೇಕು. ಪಂಪಿನ ಬಾಯಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಬರೀ ಎಣ್ಣೆ ಬದಲಾಯಿಸಿ ಜಾಲರಿ ತೊಳೆಯದೆ ಬಿಟ್ಟರೆ ಕಪ್ಪು ಕೆಸರು ಕಟ್ಟಿಕೊಂಡು ಪಂಪ್ ಸುಟ್ಟುಹೋಗುತ್ತದೆ. ಆಮೇಲೆ ನಿಮ್ಮ ಕ್ವಾಟ್ರೊ ಬರೀ ಮುಂದಿನ ಎರಡು ಚಕ್ರದ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡವರು ಮೊದಲು ನೋಡಿಸಬೇಕಾದ್ದು ಇದನ್ನು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಎಣ್ಣೆಯನ್ನು 60,000 ಕಿ.ಮೀ.ಗೆ ಬದಲಾಯಿಸಿ. ಹಳೇ ಬಿಲ್ಲು ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿದುಕೊಳ್ಳಿ.

ಹೊಳಲ್ಕೆರೆ ಮೇಷ್ಟ್ರು:
ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಕಾರಿನ ವಿಷಯ ನನಗೆ ಬೇಡ, ಎರಡನೇ ಪ್ರಶ್ನೆಗೆ ಬರುತ್ತೇನೆ.

ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ. ಗಂಡಸು ಅನ್ನುವ ಅರ್ಥ ಬಂದರೆ ಪುಲ್ಲಿಂಗ, ಹೆಂಗಸು ಅನ್ನುವ ಅರ್ಥ ಬಂದರೆ ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕಲಿಂಗ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನಿಂದ ಇವತ್ತಿನ ಶಾಲೆಯ ಪುಸ್ತಕದವರೆಗೆ ಇದೇ ದಾರಿ. ಸಂಸ್ಕೃತದಲ್ಲಿ ಹಾಗಲ್ಲ. ಅಲ್ಲಿ ಹೆಂಡತಿ ಅನ್ನುವ ಅರ್ಥದ 'ದಾರ' ಪುಲ್ಲಿಂಗ, ಅದೇ ಅರ್ಥದ 'ಕಲತ್ರ' ನಪುಂಸಕಲಿಂಗ. ಹಿಂದಿಯಲ್ಲಿ ಗಾಡಿ ಸ್ತ್ರೀಲಿಂಗ. ಆ ಭಾಷೆ ಕಲಿಯುವವರು ಒಂದೊಂದು ಪದದ ಲಿಂಗವನ್ನೂ ಉರು ಹೊಡೆಯಬೇಕು. ನಮ್ಮ ಮಕ್ಕಳಿಗೆ ಆ ಕಷ್ಟ ಇಲ್ಲ. ಇದು ಕನ್ನಡದ ದೊಡ್ಡ ಅನುಕೂಲ, ಇದನ್ನು ಕೆಡಿಸಬೇಡಿ ಅಂತ ನನ್ನ ಕಳಕಳಿ. ಕಾರು ಬಂತು, ಕಾರು ಹೋಯಿತು. ಅಷ್ಟೇ.

ಬಾತಿಗುಡ್ಡ:
ಮೇಷ್ಟ್ರೇ, ನಮಸ್ಕಾರ. ತಪ್ಪು ತಿಳಿಯಬೇಡಿ. 'ಅದು' ಅಂದರೆ ಮನೆಯ ಮೂಲೆಯಲ್ಲಿ ಬಿದ್ದಿರುವ ಬಕೆಟ್ಟಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲದ ಹಾಗೆ ಆಗುತ್ತದಲ್ಲ? ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವುದಕ್ಕೆ 'ಅದು' ಅನ್ನಲು ಬಾಯಿ ಬರುವುದಿಲ್ಲ.

ಹೊಳಲ್ಕೆರೆ ಮೇಷ್ಟ್ರು:
@ಬಾತಿಗುಡ್ಡ ಮಗು ಎದ್ದಿತು. ಕೂಸು ಅಳುತ್ತಿದೆ. ಶಿಶು ನಗುತ್ತಿದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಯಾರ ಮೇಲೆ? ಅದಕ್ಕೆ ಕನ್ನಡ ಕೊಟ್ಟಿರುವುದು ನಪುಂಸಕಲಿಂಗವನ್ನೇ. ನಪುಂಸಕ ಅಂದರೆ ಕೀಳು ಅಂತ ಯಾರು ಹೇಳಿದರು ನಿಮಗೆ?

ಆರ್‌ಎಸ್230:
ಇದಕ್ಕೆ ಏನು ಹೇಳ್ತೀರಿ ಬಾತಿಗುಡ್ಡ ಅವರೇ? ನಾನಂತೂ ಮೇಷ್ಟ್ರ ಕಡೆ.

ದುರ್ಗದ ಹುಡುಗಿ:
ಚಿತ್ರದುರ್ಗದಿಂದ. ಕನ್ನಡ ಎಂ.ಎ. ಓದುತ್ತಿದ್ದೇನೆ. ಮೇಷ್ಟ್ರ ಮಾತಿಗೆ ಒಂದು ಸೇರಿಸಬೇಕು.

ಸರ್, ಶಾಲೆಯ ವ್ಯಾಕರಣದಲ್ಲೇ ಸ್ತ್ರೀನಪುಂಸಕಲಿಂಗ ಅಂತ ಒಂದು ಇದೆ ಅಲ್ವಾ? "ದೇವತೆ ಒಲಿದಳು" ಅನ್ನಬಹುದು, "ದೇವತೆ ಒಲಿಯಿತು" ಅಂತಲೂ ಅನ್ನಬಹುದು. "ಹುಡುಗಿ ಬಂದಳು", "ಹುಡುಗಿ ಬಂತು" ಎರಡೂ ನಡೆಯುತ್ತದೆ. ಹಾಗೇ ಪುನ್ನಪುಂಸಕಲಿಂಗದಲ್ಲಿ "ಸೂರ್ಯ ಮೂಡಿದನು", "ಸೂರ್ಯ ಮೂಡಿತು". ಅಂದಮೇಲೆ ಗೆರೆ ನೀವು ಹೇಳಿದಷ್ಟು ನೇರ ಇಲ್ಲ. ಮಳೆಗಾಲದಲ್ಲಿ ಹರಿಹರದ ಸುದ್ದಿ ಬರೆಯುವಾಗ ಪತ್ರಿಕೆಗಳೇ "ತುಂಗಭದ್ರೆ ಮೈದುಂಬಿ ಹರಿಯುತ್ತಿದ್ದಾಳೆ" ಅಂತ ಬರೆಯುತ್ತವೆ. ನದಿ ಹೆಂಗಸಲ್ಲ. ಆದರೂ ಯಾರೂ ತಿದ್ದುವುದಿಲ್ಲ.

ಆಯುಧ ಪೂಜೆ ದಿನ ಗಾಡಿ ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತುತ್ತೇವೆ. ನಮ್ಮ ಅಜ್ಜಿ ಟ್ರ್ಯಾಕ್ಟರಿಗೆ ಲಕ್ಷ್ಮಿ ಅಂತಲೇ ಕೈಮುಗಿಯುವುದು. ಲಕ್ಷ್ಮಿ ಅಂದ ಮೇಲೆ ಅವಳು ಅನ್ನುವುದರಲ್ಲಿ ತಪ್ಪೇನು?

ಹೊಳಲ್ಕೆರೆ ಮೇಷ್ಟ್ರು:
ಭೇಷ್ ತಾಯಿ, ಚೆನ್ನಾಗಿ ಓದಿದ್ದೀಯ. ಆದರೆ ಒಂದು ಗಮನಿಸು. ದೇವತೆ, ಹುಡುಗಿ, ಹೆಣ್ಣು, ಇವೆಲ್ಲ ಅರ್ಥದಲ್ಲೇ ಸ್ತ್ರೀ. ಅವು ನಪುಂಸಕದ ಕಡೆ ವಾಲಬಹುದು ಅಂತ ನಿಯಮ. ಅರ್ಥದಲ್ಲಿ ವಸ್ತುವಾಗಿರುವುದು ಸ್ತ್ರೀಯ ಕಡೆ ವಾಲಬಹುದು ಅಂತ ಎಲ್ಲೂ ಇಲ್ಲ. ತುಂಗಭದ್ರೆಯನ್ನು ನಾವು ದೇವಿ ಅಂತ ಕರೆದು ಬಾಗಿನ ಕೊಡುತ್ತೇವೆ. ಅಲ್ಲಿ ನದಿ ಅನ್ನುವ ಪದ ಸ್ತ್ರೀಲಿಂಗವಾಗಲಿಲ್ಲ, ದೇವಿಯ ಹೆಸರು ಸ್ತ್ರೀಲಿಂಗವಾಯಿತು. "ನದಿ ತುಂಬಿದಳು" ಅಂತ ಮಾತಿನಲ್ಲಿ ಯಾರಾದರೂ ಹೇಳಿದ್ದು ಕೇಳಿದ್ದೀಯಾ?

ದುರ್ಗದ ಹುಡುಗಿ:
ಇಲ್ಲ ಸರ್. ಆದರೆ ಅದೇ ದಾರಿ ಕಾರಿಗೂ ಇದೆಯಲ್ಲ. ಹಸುವಿಗೆ ಗೌರಿ ಅಂತ ಹೆಸರಿಟ್ಟ ಮೇಲೆ ರೈತರು "ಗೌರಿ ಇವತ್ತು ಹಾಲು ಕೊಡಲಿಲ್ಲ, ಮುನಿಸಿಕೊಂಡಿದ್ದಾಳೆ" ಅನ್ನುತ್ತಾರೆ. ಬಾತಿಗುಡ್ಡ ಅವರು ಕಾರಿಗೆ ಒಂದು ಹೆಸರಿಟ್ಟರೆ ವ್ಯಾಕರಣಕ್ಕೂ ತೊಂದರೆ ಇಲ್ಲ, ಅವರ ಪ್ರೀತಿಗೂ ತೊಂದರೆ ಇಲ್ಲ.

ಹೊಳಲ್ಕೆರೆ ಮೇಷ್ಟ್ರು:
ಇದನ್ನು ಒಪ್ಪುತ್ತೇನೆ. "ಕಾರು ಬಂದಳು" ಮಾತ್ರ ಬೇಡ.

ಜೋಳದಹೊಲ:
ಆನಗೋಡು ಕಡೆ ಊರು ನಮ್ಮದು. ಈ ಟಿಟಿ ಗಾಡಿ ನಾನು ನೋಡಿದ್ದೇನೆ ಅನಿಸುತ್ತೆ. ಬೂದು ಬಣ್ಣದ್ದಾ? ಹಿಂದಿನ ಸುಗ್ಗಿಯಲ್ಲಿ ಸರ್ವಿಸ್ ರೋಡಿನಲ್ಲಿ ಮೆಕ್ಕೆಜೋಳ ಒಣಗಿಸಿದ್ದೆವು. ಒಂದು ತಗ್ಗು ಗಾಡಿ ಬಂದು ನಿಂತಿತು.

ಬಾತಿಗುಡ್ಡ:
@ಜೋಳದಹೊಲ ಹೌದಣ್ಣಾ, ಅದು ನಾನೇ! ರಸ್ತೆಯ ಅರ್ಧಕ್ಕೆ ಜೋಳ ಹರವಿತ್ತು, ಅಂಚಿಗೆ ಕಲ್ಲು ಇಟ್ಟಿದ್ದರು. ಉಳಿದ ಅರ್ಧದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಕಾರಿನ ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಇಲ್ಲ, ಜೋಳದ ಮೇಲೆ ಹೋದರೆ ರಾಶಿಯನ್ನೇ ಎಳೆದುಕೊಂಡು ಹೋಗುತ್ತಿತ್ತು. ಒಬ್ಬ ಅಮ್ಮ ಪೊರಕೆ ತಂದು ಒಂದು ಚಕ್ರದ ಅಗಲಕ್ಕೆ ಗುಡಿಸಿ ದಾರಿ ಮಾಡಿಕೊಟ್ಟರು. ಆದರೂ ಕಾಳು ಟೈರಿನ ಗೀರಿಗೆ ಸಿಕ್ಕಿಕೊಂಡು ಮಡ್‌ಗಾರ್ಡಿನ ಒಳಗೆ ಟಪಟಪ ಹೊಡೆಯುತ್ತಾ ಬಂದವು. ಮನೆಗೆ ಬಂದು ಚಾಕುವಿನ ತುದಿಯಲ್ಲಿ ಒಂದೊಂದೇ ತೆಗೆದೆ.

ಜೋಳದಹೊಲ:
ಅದು ನಮ್ಮ ಅತ್ತಿಗೆ. ನಮಗೂ ರೋಡಲ್ಲಿ ಹಾಕಲು ಇಷ್ಟ ಇಲ್ಲ ತಮ್ಮಾ. ಮೊದಲು ಊರಿಗೊಂದು ಕಣ ಇತ್ತು. ಈಗ ಕಣ ಮಾಡಲು ಜಾಗವೂ ಇಲ್ಲ, ಆಳೂ ಇಲ್ಲ. ತೇವ ಇದ್ದರೆ ಮಂಡಿಯಲ್ಲಿ ರೇಟು ಮುರಿಯುತ್ತಾರೆ. ಡಾಂಬರು ಕಾದಿರುತ್ತದೆ, ಬೇಗ ಒಣಗುತ್ತದೆ. ನೀವು ಹಾರನ್ ಹೊಡೆಯದೆ ಇಳಿದು ಬಂದು ಮಾತಾಡಿಸಿದಿರಿ. ಅದಕ್ಕೇ ನೆನಪಿದೆ. ದೊಡ್ಡ ಗಾಡಿಯವರು ಹಾಗೇ ತುಳಿದುಕೊಂಡು ಹೋಗುತ್ತಾರೆ.

ಹಿರಿಯೂರುಹೈವೇ:
ಬೈಕಿನಲ್ಲಿ ಹೋಗುವವರಿಗೆ ಆ ಕಾಳು ಪ್ರಾಣಕ್ಕೇ ಕುತ್ತು. ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ, ರಾತ್ರಿ ಹೊತ್ತು ಅಂಚಿಗೆ ಇಟ್ಟ ಕಲ್ಲು ಕಾಣುವುದಿಲ್ಲ. ಕಷ್ಟ ಅರ್ಥವಾಗುತ್ತದೆ, ಆದರೆ ಕತ್ತಲಾದ ಮೇಲೆ ಕಲ್ಲನ್ನಾದರೂ ತೆಗೆಯಿರಿ.

ಜೋಳದಹೊಲ:
ಆ ಮಾತು ಸರಿ. ಊರಲ್ಲಿ ಹೇಳುತ್ತೇನೆ.

ಎತ್ತರದಗಾಡಿ:
ಇಷ್ಟೆಲ್ಲಾ ಓದಿದ ಮೇಲೆ ನನ್ನ ಪ್ರಶ್ನೆ: ದಾವಣಗೆರೆಯಂಥ ಊರಲ್ಲಿ ನೆಲಕ್ಕೆ ಅಂಟಿಕೊಂಡ ಕಾರು ಯಾಕೆ ಬೇಕು? ಹೈವೇಯಲ್ಲೂ 100ರ ಮೇಲೆ ಹೋಗುವ ಹಾಗಿಲ್ಲ. ನಾಲ್ಕು ಪಥದ ಹೆದ್ದಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ಇಟ್ಟ ಮಿತಿ ಅದು. 230 ಪಿಎಸ್ ಇಟ್ಟುಕೊಂಡು ಏನು ಮಾಡುತ್ತೀರಿ?

ಬಾತಿಗುಡ್ಡ:
ಹೈವೇಯಲ್ಲಿ ನಾನು ಮಿತಿ ದಾಟುವುದಿಲ್ಲ. ದಾಟುವವರ ಪರವಾಗಿ ಮಾತಾಡುವುದೂ ಇಲ್ಲ. ಸ್ಪೋರ್ಟ್ಸ್ ಕಾರು ಅಂದರೆ 200ರಲ್ಲಿ ಹೋಗುವುದು ಅಂತ ತಿಳಿದಿರುವುದೇ ಮೊದಲ ತಪ್ಪು. ನೆಟ್ಟಗಿನ ರಸ್ತೆಯಲ್ಲಿ 120 ಯಾವ ಕಾರು ಬೇಕಾದರೂ ಹೋಗುತ್ತದೆ, ಅದರಲ್ಲಿ ಏನಿದೆ? 50ರಲ್ಲಿ ಒಂದು ತಿರುವು ತೆಗೆದುಕೊಳ್ಳುವಾಗ ಕಾರು ಏನು ಮಾಡುತ್ತಿದೆ ಅಂತ ಅಂಗೈಗೂ ಬೆನ್ನಿಗೂ ಗೊತ್ತಾಗಬೇಕು. ನನಗೆ ಬೇಕಾದ್ದು ಅಷ್ಟು. ಆಗುಂಬೆಯ 14 ಹೇರ್‌ಪಿನ್‌ನಲ್ಲಿ 40 ದಾಟುವುದಿಲ್ಲ. ಆದರೂ ಕೆಳಗೆ ಇಳಿಯುವಷ್ಟರಲ್ಲಿ ಮುಖದಲ್ಲಿ ನಗು ಇರುತ್ತದೆ.

ವಿದ್ಯಾನಗರದ ಅಕ್ಕ:
ಎತ್ತರದಗಾಡಿ ಅವರೇ, ನಿಮ್ಮ ಹೆಸರಿನ ಗಾಡಿಗಳು ಊರೊಳಗೆ ಹಿಂದಿನಿಂದ ಬಂದು ಹೈ ಬೀಮ್ ಹಾಕಿದರೆ ನಮ್ಮಂಥವರ ಕಣ್ಣು ಕುರುಡಾಗುತ್ತೆ. ಯಾವ ಊರಿಗೆ ಯಾವ ಕಾರು ಯಾಕೆ ಅಂತ ಕೇಳೋದಾದರೆ ಅದನ್ನೂ ಕೇಳಬೇಕು.

ಸಿವಿಲ್‌ಬಿಐಇಟಿ:
ಕಾರು ತಗ್ಗಾಗಿರುವುದು ತಪ್ಪಲ್ಲ, ಉಬ್ಬುಗಳು ತಪ್ಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಪ್ರಕಾರ ಉಬ್ಬು 3.7 ಮೀ. ಅಗಲ, 10 ಸೆಂ.ಮೀ. ಎತ್ತರ, ಮೇಲೆ 17 ಮೀ. ತ್ರಿಜ್ಯದ ಕಮಾನು ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟುವ ಲೆಕ್ಕ ಅದು. ಅಂಥ ಉಬ್ಬಿನ ಮೇಲೆ ಟಿಟಿ ಕೂಡ ಉಜ್ಜದೆ ಹೋಗಬೇಕು. ಬಡಾವಣೆಯವರು ರಾತ್ರೋರಾತ್ರಿ ಹಾಕಿಸುವುದು ಮೊಣಕಾಲೆತ್ತರದ ಸಿಮೆಂಟ್ ದಿಂಡು. ಅದರ ಮೇಲೆ ಆಂಬುಲೆನ್ಸ್ ಹೋಗುವಾಗ ಒಳಗೆ ಮಲಗಿರುವವರ ಗತಿ ಯೋಚಿಸಿ. ಬೆನ್ನು ಮುರಿದವರನ್ನು ಕರೆದುಕೊಂಡು ಹೋಗುತ್ತಿರಬಹುದು.

ಸ್ಪ್ಯಾನರ್13:
ಅಂಥ ದಿಂಡು ಬಂದರೆ ನೇರ ಹೋಗಬೇಡಿ, ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಿ. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮೂತಿ ಇನ್ನೂ ಕೆಳಗೆ ಬಗ್ಗುತ್ತದೆ. ಉಬ್ಬಿಗೆ ಮೊದಲೇ ನಿಧಾನ ಮಾಡಿ, ಬ್ರೇಕ್ ಬಿಟ್ಟು ಹತ್ತಿಸಿ.

ಕೆಎ16:
ಕಾರು ಕೆಎ 17 ನಂಬರ್ ಅಲ್ಲ ಅಂತ ಕಾಣುತ್ತೆ? ಹಂಗಾದ್ರೆ ದಾವಣಗೆರೆ ಕಾರು ಹೆಂಗಾಯ್ತು? ಅಷ್ಟಕ್ಕೂ 1997ರವರೆಗೆ ದಾವಣಗೆರೆನೂ ನಮ್ಮ ಚಿತ್ರದುರ್ಗ ಜಿಲ್ಲೆನೇ. ನೀವೆಲ್ಲ ನಮ್ಮವರೇ.

ಬಾತಿಗುಡ್ಡ:
ಒಂದೇ ರಾಜ್ಯದೊಳಗೆ ಮಾರಿದರೆ ನಂಬರ್ ಬದಲಾಗುವುದಿಲ್ಲ, ಆರ್‌ಸಿಯಲ್ಲಿ ಹೆಸರು, ವಿಳಾಸ ಮಾತ್ರ ಬದಲಾಗುತ್ತದೆ. ವಿಳಾಸ ದಾವಣಗೆರೆದು. ಅಷ್ಟು ಸಾಕು ನನಗೆ.

ಮಿಲ್‌ಕಾಲೋನಿ:
ಒಂದು ವಿಷಯ ಯಾರೂ ಎತ್ತಲಿಲ್ಲ. ಟಿಟಿಗೆ ಸ್ಪೋರ್ಟ್ಸ್ ಕಾರಿನ ಇತಿಹಾಸವೂ ಇದೆ, ಅದರ ಕಪ್ಪು ಪುಟವೂ ಇದೆ. 1995ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮಾದರಿ ತೋರಿಸಿದರು, 1998ರಲ್ಲಿ ಮಾರಾಟಕ್ಕೆ ಬಂತು. ಹಿಂಭಾಗ ನುಣುಪಾಗಿ ಇಳಿಜಾರಾಗಿತ್ತು, ಗಾಳಿ ಎತ್ತದಂತೆ ತಡೆಯುವ ಸ್ಪಾಯ್ಲರ್ ಪಟ್ಟಿ ಇರಲಿಲ್ಲ. ಜರ್ಮನಿಯ ಆಟೊಬಾನ್‌ನಲ್ಲಿ ಭಾರೀ ವೇಗದಲ್ಲಿ ಗಾಳಿ ಹಿಂಭಾಗವನ್ನು ಎತ್ತುತ್ತಿತ್ತು. ಆ ವೇಗದಲ್ಲಿ ಥಟ್ಟನೆ ಲೇನ್ ಬದಲಾಯಿಸಿದರೆ ಕಾರು ಕೈತಪ್ಪುತ್ತಿತ್ತು. ಜನ ಸತ್ತರು. ಆಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸ್ಪಾಯ್ಲರ್, ಕಾರು ಜಾರದಂತೆ ತಾನಾಗೇ ತಡೆಯುವ ಇಎಸ್‌ಪಿ ವ್ಯವಸ್ಥೆ ಹಾಕಿ, ಸಸ್ಪೆನ್ಷನ್ ಬದಲಾಯಿಸಿಕೊಟ್ಟಿತು. ಇವತ್ತು ಹಿಂದೆ ಸ್ಪಾಯ್ಲರ್ ಏಳುವುದನ್ನು ನೋಡಿ ಶೋಕಿಗೆ ಅಂದುಕೊಳ್ಳುವವರಿಗೆ ಇದು ಗೊತ್ತಿರಬೇಕು. 2023ರಲ್ಲಿ ಟಿಟಿ ತಯಾರಿಕೆಯೇ ನಿಂತಿತು. ಇರುವವರು ಜೋಪಾನ ಮಾಡಿ.

ಆರ್‌ಎಸ್230:
ಈ ವಿಷಯ ಗೊತ್ತಿರಲಿಲ್ಲ. ಆದರೂ ನನ್ನ ಮಾತು ಬದಲಾಗುವುದಿಲ್ಲ: ನನಗೆ ಸ್ಪೋರ್ಟ್ಸ್ ಕಾರು ಅಂದರೆ ಎಂಜಿನ್ ಮಧ್ಯದಲ್ಲೋ ಹಿಂದೋ ಇರಬೇಕು, ಇಲ್ಲ ಹಿಂದಿನ ಚಕ್ರವಾದರೂ ತಳ್ಳಬೇಕು. ಟಿಟಿ ಒಳ್ಳೆ ಕೂಪೆ. ಆರ್‌ಎಸ್ ಒಳ್ಳೆ ಸೆಡಾನ್.

ಬಾತಿಗುಡ್ಡ:
ಆ ಲೆಕ್ಕದಲ್ಲಿ ನಮ್ಮ ಮಾರುತಿ ಓಮ್ನಿಗೂ ಹಿಂದಿನ ಚಕ್ರವೇ ತಳ್ಳುವುದು, ಎಂಜಿನ್ನೂ ಮುಂದಿನ ಸೀಟಿನ ಕೆಳಗೆ. ಬರೀ ಎಂಜಿನ್ ಎಲ್ಲಿದೆ ಅಂತ ನೋಡಿದರೆ ತೀರ್ಮಾನ ಆಗಲ್ಲ ಸರ್. ಯಾವ ಕೆಲಸಕ್ಕೆ ಅಂತ ಕಟ್ಟಿದ್ದಾರೆ ಅನ್ನುವುದು ಮುಖ್ಯ. ಹಿಂದಿನ ಸೀಟು, ಡಿಕ್ಕಿ, ಎತ್ತರ ಎಲ್ಲವನ್ನೂ ಬಿಟ್ಟುಕೊಟ್ಟು ಓಡಿಸುವವನ ಖುಷಿಗೆ ಅಂತಲೇ ಕಟ್ಟಿದ ಕಾರು ಇದು. ನನ್ನ ಪ್ರಕಾರ ಸ್ಪೋರ್ಟ್ಸ್ ಕಾರು ಅಂದರೆ ಅದೇ.

ಹರಿಹರದವನು:
'ಎಂಜಿನ್ನೂ' ಸರೀನಾ, 'ಎಂಜಿನೂ' ಸರೀನಾ? ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ.

ದುರ್ಗದ ಹುಡುಗಿ:
ಇದು ನನಗೆ ತುಂಬಾ ಇಷ್ಟದ ವಿಷಯ. ಹಳಗನ್ನಡದ 'ಕಲ್' ಈಗ 'ಕಲ್ಲು', 'ಕಣ್' ಈಗ 'ಕಣ್ಣು'. ಆದರೆ 'ಕಾಲ್' ಕಾಲು ಆಯಿತು, 'ಕಾಲ್ಲು' ಆಗಲಿಲ್ಲ. ಕೊನೆಯ ವ್ಯಂಜನದ ಹಿಂದಿನ ಸ್ವರ ಗಿಡ್ಡ ಇದ್ದರೆ ಆ ವ್ಯಂಜನ ಇಮ್ಮಡಿಯಾಗುತ್ತದೆ, ಉದ್ದ ಇದ್ದರೆ ಇಲ್ಲ. ಈಗ ಗ್ಯಾರೇಜಿನ ಪದ ನೋಡಿ. ಬಸ್ಸು, ಕ್ಲಚ್ಚು, ನಟ್ಟು. ಆದರೆ ಕಾರು, ಗೇರು, ಬ್ರೇಕು, ರೋಡು. ಇಂಗ್ಲಿಷ್ ಬಾರದ ಕ್ಲೀನರ್ ಹುಡುಗನೂ ತಪ್ಪದೆ 'ಕ್ಲಚ್ಚು', 'ಗೇರು' ಅಂತಾನೆ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಸಾವಿರ ವರ್ಷದ ನಿಯಮ ಅವನ ನಾಲಿಗೆಯಲ್ಲೇ ಇದೆ. ಬೇರೆ ಊರಿನ ಪದವನ್ನು ಕನ್ನಡ ತನ್ನ ಮನೆಯ ಪದ ಮಾಡಿಕೊಳ್ಳುವುದು ಹೀಗೆ.

'ಎಂಜಿನ್' ಎರಡು ಅಕ್ಷರದ್ದು. ಕೊನೆಯ ಸ್ವರ ಗಿಡ್ಡ, ಅದಕ್ಕೇ ಬಾನೆಟ್ಟು, ಟಿಕೆಟ್ಟು ಅನ್ನುವ ಹಾಗೆ ಎಂಜಿನ್ನು. ನನ್ನ ಪ್ರಕಾರ 'ಎಂಜಿನ್ನೂ' ಸರಿ.

ಹೊಳಲ್ಕೆರೆ ಮೇಷ್ಟ್ರು:
ನಿಲ್ಲು ತಾಯಿ. 'ಮಗಳ್' ಮಗಳು ಆಯಿತು, 'ಮಗಳ್ಳು' ಆಗಲಿಲ್ಲ. ಅಲ್ಲೂ ಕೊನೆಯ ಸ್ವರ ಗಿಡ್ಡ. ನಮ್ಮ ಪದಗಳಲ್ಲಿ ಇಮ್ಮಡಿ ಆಗುವುದು ಒಂದೇ ಅಕ್ಷರದ ಮೂಲ ಇದ್ದಾಗ. ಆ ನಿಯಮದ ಪ್ರಕಾರ 'ಎಂಜಿನು' ಆಗಬೇಕು.

ದುರ್ಗದ ಹುಡುಗಿ:
ಹಾಗಾದರೆ 'ಟಿಕೆಟು' ಅನ್ನುತ್ತೀರಾ ಸರ್? ಕಂಡಕ್ಟರ್ ಯಾರಾದರೂ "ಟಿಕೆಟು ಟಿಕೆಟು" ಅಂದಿದ್ದು ಕೇಳಿದ್ದೀರಾ? ಎರವಲು ಪದ ಎಷ್ಟು ಅಕ್ಷರದ್ದಾದರೂ ಕೊನೆಯ ಸ್ವರವನ್ನಷ್ಟೇ ನೋಡಿ ನಾಲಿಗೆ ಇಮ್ಮಡಿ ಮಾಡುತ್ತದೆ. ನಿಯಮ ಸ್ವಲ್ಪ ಹಿಗ್ಗಿದೆ. ಜೀವ ಇರುವ ಭಾಷೆಯಲ್ಲಿ ಹಾಗಾಗುತ್ತದೆ.

ಸ್ಪ್ಯಾನರ್13:
ನಾವಂತೂ ಎಂಜಿನ್ನು ಅಂತಲೇ ಅನ್ನೋದು. ಇನ್ನೊಂದು ಹೇಳುತ್ತೇನೆ ಮೇಷ್ಟ್ರೇ. ಎಲ್ಲರೂ 'ಕಾರು ಓಡಿಸುತ್ತೇನೆ' ಅಂತ ಬರೆದಿದ್ದೀರಿ. ಗ್ಯಾರೇಜಿನಲ್ಲಿ ಯಾರೂ ಹಾಗೆ ಅನ್ನಲ್ಲ. "ಗಾಡಿ ಯಾರು ಹೊಡೀತಾರೆ?" ಅಂತ ಕೇಳುತ್ತೇವೆ.

ಹೊಳಲ್ಕೆರೆ ಮೇಷ್ಟ್ರು:
ಅದರಲ್ಲಿ ತಪ್ಪೇನಿಲ್ಲ. ಎತ್ತಿನ ಬಂಡಿ ಹೊಡೆಯುವುದು ಅನ್ನುತ್ತಿದ್ದೆವು. ಎತ್ತು ಹೋಯಿತು, ಬಾರುಕೋಲು ಹೋಯಿತು, ಕ್ರಿಯಾಪದ ಉಳಿಯಿತು. ಬರೆಯುವಾಗಲೂ ಹಾಗೇ ಬರೆಯಿರಿ. ರಸ್ತೆ ಬೋರ್ಡಿನಲ್ಲಿ "ನಿಧಾನವಾಗಿ ಚಲಿಸಿ" ಅಂತ ಇರುತ್ತದೆ. ಅದನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ಮನೆಯಲ್ಲಿ ಹೇಳುವುದು "ನಿಧಾನಕ್ಕೆ ಹೋಗಪ್ಪಾ" ಅಂತ. ಬೋರ್ಡಿನಲ್ಲೂ "ನಿಧಾನವಾಗಿ ಹೋಗಿ" ಅಂತ ಬರೆದರೆ ಇನ್ನಷ್ಟು ಜನ ಕೇಳುತ್ತಾರೆ.

ಹಿರಿಯೂರುಹೈವೇ:
ಮೇಷ್ಟ್ರ ಈ ಮಾತಿಗೆ ನನ್ನ ಎರಡೂ ಕೈ ಎತ್ತುತ್ತೇನೆ.

ಎತ್ತರದಗಾಡಿ:
ಕಾರಿನ ಚರ್ಚೆ ಅಂತ ಬಂದೆ, ಸಂಧಿ ಸಮಾಸ ಓದುತ್ತಿದ್ದೇನೆ. ಆದರೆ ಬೇಜಾರಿಲ್ಲ, ಚೆನ್ನಾಗಿದೆ. ಹೈ ಬೀಮ್ ವಿಷಯ ಅಕ್ಕ ಹೇಳಿದ್ದು ಸರಿಯೇ. ಊರೊಳಗೆ ಯಾರೂ ಹಾಕಬಾರದು.

ಬಾತಿಗುಡ್ಡ:
ಮೇಷ್ಟ್ರೇ, ದುರ್ಗದ ತಂಗಿ, ಇಬ್ಬರಿಗೂ ಧನ್ಯವಾದ. ಹೆಸರಿಡುವ ಉಪಾಯ ಮನಸ್ಸಿಗೆ ಹಿಡಿಸಿತು. ಹೆಂಡತಿ "ತುಂಗಾ" ಅಂತ ಇಡೋಣ ಅನ್ನುತ್ತಿದ್ದಾಳೆ, ಶಿವಮೊಗ್ಗದವಳು. ಇನ್ನು ಮೇಲೆ "ತುಂಗಾ ತಿರುವಿನಲ್ಲಿ ರಸ್ತೆ ಬಿಡುವುದಿಲ್ಲ" ಅಂತ ಬರೆಯುತ್ತೇನೆ. ಟಿಟಿ ಸ್ಪೋರ್ಟ್ಸ್ ಕಾರು ಅನ್ನುವುದರಲ್ಲಿ ಮಾತ್ರ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ.

ಸ್ಪ್ಯಾನರ್13 ಅಣ್ಣಾ, ಒಂದು ಕೇಳಬೇಕಿತ್ತು. 245/40 ಆರ್18 ಟೈರು ನಾಲ್ಕೂ ಬದಲಾಯಿಸಬೇಕಾ, ಹಿಂದಿನ ಎರಡು ಇನ್ನೂ ಚೆನ್ನಾಗಿವೆ?

ಸ್ಪ್ಯಾನರ್13:
ನಾಲ್ಕೂ ಒಟ್ಟಿಗೇ ಹಾಕಿಸಿ. ಮುಂದಿನದಕ್ಕೂ ಹಿಂದಿನದಕ್ಕೂ ಸವೆತದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ಚಕ್ರಗಳು ಬೇರೆ ಬೇರೆ ಸುತ್ತು ತಿರುಗುತ್ತವೆ, ಹಾಲ್ಡೆಕ್ಸ್ ಕ್ಲಚ್ಚು ಸುಮ್ನೆ ಹಿಡಿದು ಬಿಟ್ಟು ಮಾಡಿ ಬಿಸಿಯಾಗುತ್ತದೆ. ಬರುವ ಮೊದಲು ಟೈರಿನ ಬದಿಯಲ್ಲಿ ತಯಾರಾದ ವಾರ, ವರ್ಷದ ನಾಲ್ಕು ಅಂಕಿ ನೋಡಿ ಕಳಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಗ್ಯಾರೇಜ್ ರಜಾ.